ಕ್ಯಾಟ್ ಟೂರ್ನಿಕೆಟ್ (ಜೆನ್ 7): ಮಲೆನಾಡಿನ ತೋಟದ ಮನೆಗೆ ಬೇಕೇ?

ಕಳೆ ಹೊಡೆಯುವ ಮಷಿನ್, ಚೈನ್ ಸಾ, ಅಡಿಕೆ ಕೊನೆ ಕೊಯ್ಯುವ ಕತ್ತಿ ಇರುವ ಮನೆಯಲ್ಲಿ ಡೆಟಾಲ್, ಹತ್ತಿ ಇಟ್ಟುಕೊಂಡರೆ ಸಾಲದು. ತೊಡೆಯ ದೊಡ್ಡ ರಕ್ತನಾಳ ಕಡಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆಗುಂಬೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 90 ಕಿಲೋಮೀಟರ್. 108 ಬರುವ ತನಕ ರಕ್ತ ನಿಲ್ಲಿಸಬೇಕಾದವರು ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರೇ.

ಅದಕ್ಕಿರುವ ಸಾಧನವೇ ಟೂರ್ನಿಕೆಟ್, ಅಂದರೆ ಕೈಕಾಲನ್ನು ಬಿಗಿದು ರಕ್ತ ನಿಲ್ಲಿಸುವ ಪಟ್ಟಿ. ಕ್ಯಾಟ್ ಎಂಬುದು ಸೈನಿಕರು ಬಳಸುವ ಒಂದು ಮಾದರಿ, ಜೆನ್ 7 ಅದರ ಏಳನೇ ತಲೆಮಾರು. ಸಾಮಾನು ಸರಳ. ಒಂದೂವರೆ ಇಂಚು ಅಗಲದ ಪಟ್ಟಿ, ಅದರೊಳಗೊಂದು ರಿಬ್ಬನ್, ರಿಬ್ಬನ್ನಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕೋಲು, ಕೋಲು ಕೂರಿಸಲು ಕೊಂಡಿ, ಸಮಯ ಬರೆಯಲು ಚಿಕ್ಕ ಪಟ್ಟಿ. ಉಪಾಯ ಮಾತ್ರ ಹಳೆಯದು. 1674ರ ಬೆಸಾನ್ಸೋನ್ ಮುತ್ತಿಗೆಯಲ್ಲಿ ಫ್ರೆಂಚ್ ಸೇನೆಯ ಶಸ್ತ್ರವೈದ್ಯ ಮೊರೆಲ್ ಬಿಗಿದ ಪಟ್ಟಿಯೊಳಗೆ ಕೋಲು ಸಿಕ್ಕಿಸಿ ತಿರುಚಿದ. 1718ರಲ್ಲಿ ಫ್ರಾನ್ಸಿನ ಇನ್ನೊಬ್ಬ ಶಸ್ತ್ರವೈದ್ಯ ಝಾಂ ಲೂಯಿ ಪೆತಿ ಕೋಲು ತೆಗೆದು ತಿರುಪು ಕೂರಿಸಿದ. ಈಗ ಸೈನಿಕರ ಜೇಬಿಗೆ ಮತ್ತೆ ಕೋಲೇ ಬಂದಿದೆ.

ಟೂರ್ನಿಕೆಟ್ ಕಟ್ಟಿದರೆ ಕಾಲೇ ಹೋಗುತ್ತದೆ ಎಂಬ ಹೆದರಿಕೆ ಇನ್ನೂ ಇದೆ. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳು ಆಸ್ಪತ್ರೆ ಮುಟ್ಟಲು ಗಂಟೆಗಟ್ಟಲೆ ಹಿಡಿಯುತ್ತಿತ್ತು, ಅಷ್ಟರಲ್ಲಿ ಕಟ್ಟಿದ ಅಂಗ ಸಾಯುತ್ತಿತ್ತು. ಸೇನಾ ವೈದ್ಯರೇ ಇದನ್ನು ದೂರವಿಟ್ಟರು. ಆ ಹೆದರಿಕೆಗೆ ಲೆಕ್ಕ ಹಿಡಿದು ಉತ್ತರ ಕೊಟ್ಟವರು ಅಮೆರಿಕ ಸೇನೆಯ ಮೂಳೆ ಶಸ್ತ್ರವೈದ್ಯ ಜಾನ್ ಕ್ರಾಗ್. 2006ರಲ್ಲಿ ಬಾಗ್ದಾದ್‌ನ ಸೇನಾ ಆಸ್ಪತ್ರೆಯಲ್ಲಿದ್ದಾಗ ಅವರ ತಂಡ 232 ಗಾಯಾಳುಗಳ 309 ಅಂಗಗಳಿಗೆ ಕಟ್ಟಿದ 428 ಟೂರ್ನಿಕೆಟ್‌ಗಳ ವಿವರ ಬರೆದಿಟ್ಟಿತು. ಬರೀ ಟೂರ್ನಿಕೆಟ್‌ನಿಂದಲೇ ಹೋದ ಕಾಲು ಒಂದೂ ಇರಲಿಲ್ಲ. ಷಾಕ್‌ಗೆ (ರಕ್ತ ಹೋಗಿ ದೇಹ ಕುಸಿಯುವ ಸ್ಥಿತಿಗೆ) ಹೋಗುವ ಮುನ್ನವೇ ಕಟ್ಟಿಸಿಕೊಂಡವರಲ್ಲಿ ಉಳಿದವರು 90%, ಆಮೇಲೆ ಕಟ್ಟಿಸಿಕೊಂಡವರಲ್ಲಿ 10%. ತಡಮಾಡಿ ಕಟ್ಟುವುದೇ ಅಪಾಯ.

ಕಟ್ಟುವ ಕ್ರಮ: ಗಾಯಕ್ಕಿಂತ ಎರಡು-ಮೂರು ಇಂಚು ಮೇಲೆ, ಮಂಡಿ-ಮೊಣಕೈ ಗಂಟು ಬಿಟ್ಟು. ಜೇಬಲ್ಲಿ ಮೊಬೈಲ್, ಎಲೆಅಡಿಕೆ ಚೀಲ ಇದ್ದರೆ ಮೊದಲು ತೆಗೆಯಿರಿ. ಪಟ್ಟಿಯನ್ನು ಬಕಲ್ಲಿನಲ್ಲಿ ತೂರಿಸಿ ಕೈಲಾದಷ್ಟು ಎಳೆದು ಅಂಟಿಸಿ. ಅಡಿಯಲ್ಲಿ ಮೂರು ಬೆರಳ ತುದಿ ತೂರುವಂತಿದ್ದರೆ ಇನ್ನೂ ಸಡಿಲ ಎಂದರ್ಥ. ಆಮೇಲೆ ರಕ್ತ ನಿಲ್ಲುವ ತನಕ ಕೋಲು ತಿರುಗಿಸಿ, ಕೊಂಡಿಗೆ ಸಿಕ್ಕಿಸಿ, ಸಮಯ ಬರೆಯಿರಿ. ಬಹುತೇಕರು ಎಡವುವುದು ಎಳೆಯುವ ಹಂತದಲ್ಲೇ. ಪಟ್ಟಿ ಸಡಿಲ ಬಿಟ್ಟರೆ ಕೋಲು ಎಷ್ಟು ತಿರುಗಿಸಿದರೂ ಒತ್ತಡ ಸಾಲುವುದಿಲ್ಲ. ಅರೆಬಿಗಿ ಕಟ್ಟು ಇನ್ನೂ ಕೆಟ್ಟದ್ದು: ವಾಪಸ್ ಹೋಗುವ ಅಭಿಧಮನಿ ಮುಚ್ಚುತ್ತದೆ, ಒಳಗೆ ಬರುವ ಅಪಧಮನಿ ಮುಚ್ಚುವುದಿಲ್ಲ, ರಕ್ತ ಹೆಚ್ಚೇ ಸುರಿಯುತ್ತದೆ. ನಿಲ್ಲದಿದ್ದರೆ ಅದರ ಪಕ್ಕದಲ್ಲೇ ಇನ್ನೊಂದು ಕಟ್ಟಬೇಕು. ಗಾಯಾಳು ನೋವಿಗೆ ಕೂಗುತ್ತಾನೆ, ಅದಕ್ಕೆ ಸಡಿಲಿಸಬೇಡಿ. ಹಳೆಯ ಪುಸ್ತಕಗಳಲ್ಲಿರುವ ‘ಆಗಾಗ ಬಿಚ್ಚಿ ಕಟ್ಟಿ’ ಎಂಬ ಸಲಹೆ ಮರೆತುಬಿಡಿ. ಬಿಚ್ಚಿದಾಗಲೆಲ್ಲ ಉಳಿದ ರಕ್ತವೂ ಹೋಗುತ್ತದೆ. ಎರಡು ಗಂಟೆಯೊಳಗೆ ವೈದ್ಯರ ಕೈ ಸೇರಿಸುವ ಲೆಕ್ಕದಲ್ಲಿ ಹೊರಡಿ.

ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇದು ಬರುವುದಿಲ್ಲ. ಅಲ್ಲಿ ಗಾಯದೊಳಕ್ಕೇ ಬಟ್ಟೆ ತುರುಕಿ ಬಲವಾಗಿ ಒತ್ತಬೇಕು. ಇನ್ನೊಂದು ಮಾತು ದಪ್ಪಕ್ಷರದಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿಡಿ: ಹಾವು ಕಚ್ಚಿದರೆ ಇದನ್ನು ಕಟ್ಟಬಾರದು. ಕೊಳಕುಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಲ್ಲುತ್ತದೆ. ಬಿಗಿಕಟ್ಟಿನಿಂದ ಆ ಹಾನಿ ಹೆಚ್ಚುತ್ತದೆ. ಕೈಕಾಲು ಅಲುಗದಂತೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ, ಅಷ್ಟೇ.

ದೊಡ್ಡ ದೂರು ನಕಲಿ ಮಾಲಿನದ್ದು. ಆನ್‌ಲೈನಿನಲ್ಲಿ ಅಸಲಿಗಿಂತ ತೀರಾ ಕಡಿಮೆ ಬೆಲೆಗೆ ಅದೇ ಆಕಾರದ್ದು ಸಿಗುತ್ತದೆ, ತಿರುಗಿಸುವಾಗ ಅದರ ಕೋಲು ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಅಸಲಿಯದರ ಕೋಲು ದಪ್ಪ, ಗೀರುಗಳಿವೆ, ಬಗ್ಗುವುದಿಲ್ಲ. ಅಸಲಿಯೂ ದೋಷಮುಕ್ತವಲ್ಲ: ಪಟ್ಟಿ ಅಂಟಿಸುವ ವೆಲ್ಕ್ರೋಗೆ ಕೆಸರು ತುಂಬಿದರೆ ಹಿಡಿತ ಕಡಿಮೆ. ಅಫ್ಘಾನಿಸ್ತಾನದ ಬಿಸಿಲು-ಧೂಳಿನಲ್ಲಿ ಹೊರಗೇ ನೇತಾಡಿಸಿಕೊಂಡು ತಿರುಗಿದವು ಆಮೇಲಿನ ಪರೀಕ್ಷೆಯಲ್ಲಿ ಹೆಚ್ಚು ಮುರಿದವು. ಹಾಗಾಗಿ ಬೈಕಿನ ಹ್ಯಾಂಡಲ್ಲಿಗೆ, ಕೊಟ್ಟಿಗೆಯ ಮೊಳೆಗೆ ನೇತುಹಾಕುವುದು ಬೇಡ. ಮಳೆಗಾಲದಲ್ಲಿ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ, ಆದರೆ ಮೇಲಿನ ಪ್ಲಾಸ್ಟಿಕ್ ಕವರ್ ಮೊದಲೇ ಹರಿದಿಡಿ. ರಕ್ತದ ಕೈಯಲ್ಲಿ ಅದು ಹರಿಯುವುದಿಲ್ಲ.

ಕಪ್ಪು ಬಣ್ಣದ್ದು ದರಕಿನಲ್ಲಿ (ಒಣಗಿದ ಎಲೆಗಳ ನಡುವೆ) ಬಿದ್ದರೆ ಕಾಣುವುದಿಲ್ಲ, ಕಿತ್ತಳೆಯದನ್ನೇ ಕೊಳ್ಳಿ. ನೀಲಿಯದು ಅಭ್ಯಾಸಕ್ಕೆ ಮಾಡಿದ್ದು. ಅಸಲು ಕೆಲಸದ್ದನ್ನು ಒಮ್ಮೆ ಬಳಸಿದ ಮೇಲೆ ಎಸೆಯಬೇಕು, ಅಭ್ಯಾಸಕ್ಕೂ ಬಳಸಬಾರದು. ಒಂದು ಮನೆಗೆ ಎರಡಾದರೂ ಬೇಕು: ಒಂದು ಮನೆಯಲ್ಲಿ, ಇನ್ನೊಂದು ಮಷಿನ್ ಹಿಡಿದವನ ಸೊಂಟದ ಚೀಲದಲ್ಲಿ.