ಆರು ತೂತಿನ ಉಂಡೆ ಎರಡೇ ಇವೆ, ಆದರೂ ಈ ಅಣು ಮಾದರಿ ಪೆಟ್ಟಿಗೆ ತಗೊಳ್ಳಿ

ಬದಿಯಡ್ಕದ ಹತ್ತಿರದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಈ ಪೆಟ್ಟಿಗೆ ತರಿಸಿದ್ದು ಆನ್‌ಲೈನಿನಲ್ಲಿ. ಕೆಲವು ತಿಂಗಳು ಮಕ್ಕಳ ಕೈಯಲ್ಲಿ ಕೊಟ್ಟು ನೋಡಿಯೇ ಬರೆಯುತ್ತಿದ್ದೇನೆ.

ಕಪ್ಪು ಉಂಡೆ ಕಾರ್ಬನ್, ನಾಲ್ಕು ತೂತು. ಕೆಂಪು ಆಕ್ಸಿಜನ್, ಎರಡು. ಬಿಳಿ ಹೈಡ್ರೋಜನ್, ಒಂದೇ. ಬೋರ್ಡಿನಲ್ಲಿ ಮೀಥೇನ್ ಬರೆದರೆ ಪ್ಲಸ್ ಚಿಹ್ನೆಯ ಹಾಗೆ ಚಪ್ಪಟೆಯಾಗಿ ಕಾಣುತ್ತದೆ, ಮಕ್ಕಳು ಅದನ್ನೇ ನಂಬುತ್ತಾರೆ. ಇಲ್ಲಿ ಹಾಗೆ ಮಾಡಲು ಆಗುವುದೇ ಇಲ್ಲ. ತೂತು ಕೊರೆದಿರುವುದೇ 109.5 ಡಿಗ್ರಿಗೆ. ಕಡ್ಡಿ ಸಿಕ್ಕಿಸಿ ಮೇಜಿನ ಮೇಲಿಟ್ಟರೆ ಮೂರು ಕಾಲಲ್ಲಿ ನಿಲ್ಲುತ್ತದೆ, ನಾಲ್ಕನೆಯದು ಮೇಲಕ್ಕೆ.

ತೂತು ಎಲ್ಲಿದೆ ಅನ್ನುವುದೇ ಮುಖ್ಯ ವಿಷಯ. 1974ರಲ್ಲಿ ಮೆಲ್ಬೋರ್ನಿನಲ್ಲಿ ರಿಚರ್ಡ್ ರಾಬ್ಸನ್ ಅವರು ವಿದ್ಯಾರ್ಥಿಗಳಿಗಾಗಿ ಇಂಥದ್ದೇ ಮರದ ಉಂಡೆಗಳನ್ನು ಮಾಡಿಸುತ್ತಿದ್ದಾಗ, ತೂತಿನ ಜಾಗ ಗುರುತು ಮಾಡಿದರೆ ಸಾಕು, ಅಣು ತಾನಾಗಿಯೇ ಸರಿಯಾದ ಆಕಾರಕ್ಕೆ ಬರುತ್ತದೆ ಅಂತ ಅವರಿಗೆ ಹೊಳೆಯಿತು. 1989ರಲ್ಲಿ ತಾಮ್ರದ ಅಯಾನು ಬಳಸಿ ಒಳಗೆ ಖಾಲಿ ಜಾಗವಿರುವ ಹರಳನ್ನು ಮಾಡಿಯೇ ತೋರಿಸಿದರು. 2025ರ ರಸಾಯನ ನೊಬೆಲ್ ರಾಬ್ಸನ್, ಕಿತಗಾವ ಮತ್ತು ಯಾಘಿ ಅವರಿಗೆ ಬಂದದ್ದು ಇಂಥ ಲೋಹ-ಸಾವಯವ ಚೌಕಟ್ಟುಗಳಿಗೇ. ಅಂದರೆ ಲೋಹವನ್ನು ಕಾರ್ಬನ್ ಇರುವ ಅಣುಗಳಿಂದ ಜೋಡಿಸಿದ, ಒಳಗಿನ ಖಾಲಿ ಜಾಗದಲ್ಲಿ ಗ್ಯಾಸ್ ಹಿಡಿದಿಡಬಲ್ಲ ಹರಳುಗಳು; ಇಂಗ್ಲಿಷಿನಲ್ಲಿ ಚಿಕ್ಕದಾಗಿ ಮಾಫ್ (MOF).

ಅದನ್ನು ಕ್ಲಾಸಿನಲ್ಲಿ ಕಟ್ಟಲು ಹೊರಟಾಗ ಪೆಟ್ಟಿಗೆ ಕೈಕೊಟ್ಟಿತು. ಯಾಘಿ ತಂಡದ ಮಾಫ್-5ರಲ್ಲಿ ಸತುವಿನ ಗುಂಪು ಆರು ಕಡೆ ಕೈ ಚಾಚುತ್ತದೆ, ಒಂದು ಘನ ಕಟ್ಟಲು ಎಂಟು ಮೂಲೆ ಬೇಕು. ಆರು ತೂತಿನ ಉಂಡೆ ಪೆಟ್ಟಿಗೆಯಲ್ಲಿರುವುದು ಎರಡು! ಕೊನೆಗೆ ಜೇಡಿಮಣ್ಣಿನ ಉಂಡೆ ಮಾಡಿ, ಹಿಡಿಸೂಡಿಯಿಂದ ಹನ್ನೆರಡು ಕಡ್ಡಿ ಕಿತ್ತು ಚುಚ್ಚಿದೆವು. ಆ ಕಡ್ಡಿಯ ಜಾಗದಲ್ಲಿ ನಿಜವಾಗಿ ಇರುವುದು ಟೆರೆಫ್ಥಾಲಿಕ್ ಆಸಿಡ್, ನೀರಿನ ಪ್ಲಾಸ್ಟಿಕ್ ಬಾಟಲಿ ಮಾಡಲು ಬಳಸುವ ಅದೇ ವಸ್ತು ಅಂದಾಗ ಎಲ್ಲರೂ ಅವರವರ ಬಾಟಲಿ ತಿರುಗಿಸಿ ನೋಡಿದರು. ಒಬ್ಬಳು ಘನದೊಳಗೆ ಒಂದು ಅಡಿಕೆ ಇಟ್ಟು, “ಟೀಚರೇ, ಗ್ಯಾಸ್ ಕೂತುಕೊಳ್ಳುವುದು ಇಲ್ಲಿಯಾ?” ಅಂತ ಕೇಳಿದಳು. ಹೌದು, ಅಲ್ಲಿಯೇ. ಕಡ್ಡಿ ಉದ್ದ ಮಾಡಿದರೆ ಕೋಣೆ ದೊಡ್ಡದು, ಅಷ್ಟೇ. 2002ರಲ್ಲಿ ಆ ತಂಡ ಹೀಗೆ ಕಡ್ಡಿ ಬದಲಾಯಿಸುತ್ತಾ 16 ಬಗೆ ಮಾಡಿತ್ತು.

ಇನ್ನೊಂದು ದೂರು. ಬಿಳಿ ಉಂಡೆಗಳ ತೂತು ಬೇಗ ಸಡಿಲವಾಗುತ್ತದೆ, ಕಡ್ಡಿಗೆ ಸ್ವಲ್ಪ ಕಾಗದ ಸುತ್ತಿ ಸಿಕ್ಕಿಸಬೇಕು. ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ. ನಮ್ಮ ಮಕ್ಕಳಿಗಾಗಿ ನಾನೇ ಎರಡು ಪುಟ ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಬ್ಯೂಟೇನಿನ ಐಸೋಮರ್ (ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ) ಒಂದನ್ನು ಕಲಿಸಲಿಕ್ಕಾದರೂ ತಗೊಳ್ಳಿ. ಕಂಪೆನಿಯವರು ಆರು ತೂತಿನ ಉಂಡೆ ಬಿಡಿಯಾಗಿ ಮಾರಿದರೆ ನಾಳೆಯೇ ಎಂಟು ತರಿಸುತ್ತೇನೆ.