ಆಲೆಮನೆಯ ಒಲೆ, ಬಾಗಿಲಾಚೆಯ ಬಿಸಿಲು: ಸೋನಿ ಎ7 ಮಾರ್ಕ್ 4ರ ಪಿಕ್ಚರ್ ಪ್ರೊಫೈಲ್‌ಗಳ ಜತೆ ಎರಡೂವರೆ ವರ್ಷ

ಮಂಡ್ಯದ ಸುತ್ತಮುತ್ತ ಮದುವೆ, ನಾಮಕರಣ, ಊರಹಬ್ಬಗಳ ವಿಡಿಯೊ ಮಾಡುವುದು ನನ್ನ ಕಸುಬು. ಸೋನಿ ಎ7 ಮಾರ್ಕ್ 4 ಕ್ಯಾಮೆರಾ ಕೊಂಡು ಎರಡೂವರೆ ವರ್ಷವಾಯಿತು. ಕೊಳ್ಳುವಾಗ ನನ್ನನ್ನು ಮರುಳು ಮಾಡಿದ್ದು ಒಂದೇ ಅಂಕಿ: 15ಕ್ಕೂ ಹೆಚ್ಚು ಸ್ಟಾಪ್ ಡೈನಾಮಿಕ್ ರೇಂಜ್, ಅಂದರೆ ಕಡುಗತ್ತಲಿನಿಂದ ಕಡುಬೆಳಕಿನವರೆಗೆ ಒಂದೇ ಚಿತ್ರದಲ್ಲಿ ಹಿಡಿಯಬಲ್ಲ ಹರವು. ಒಂದು ಸ್ಟಾಪ್ ಏರಿದರೆ ಬೆಳಕು ದುಪ್ಪಟ್ಟು. ಹಾಗೆ ಹದಿನೈದು ಸಲ ದುಪ್ಪಟ್ಟು ಮಾಡಿದರೆ 32 ಸಾವಿರ ಪಟ್ಟು ದಾಟುತ್ತದೆ. ಅಷ್ಟೂ ಬೆಳಕು ಒಂದೇ ಫ್ರೇಮಿನಲ್ಲಿ ಸಿಗುತ್ತದಲ್ಲ ಎಂದು ಹಿಗ್ಗಿಹೋಗಿದ್ದೆ.

ಹಿಗ್ಗು ಇಳಿದದ್ದು ಮೊದಲ ಮದುವೆಯಲ್ಲೇ. ಧಾರೆಯಿಂದ ಊಟದ ಪಂಕ್ತಿಯವರೆಗೆ ಎಲ್ಲವನ್ನೂ ಎಸ್-ಲಾಗ್3ಯಲ್ಲೇ ತೆಗೆದೆ. ಪಿಕ್ಚರ್ ಪ್ರೊಫೈಲ್ ಎಂದರೆ ಬೆಳಕು, ಬಣ್ಣ ಹೇಗೆ ಬರೆಯಬೇಕೆಂದು ಕ್ಯಾಮೆರಾಗೆ ಹೇಳುವ ಸಿದ್ಧ ಸೆಟ್ಟಿಂಗ್; ಬೆಳಕು-ನೆರಳಿನ ಹೆಚ್ಚು ಹರವು ಉಳಿಸಲು ಚಿತ್ರವನ್ನು ಮಂಕಾಗಿ ಬರೆಯುವ ಲಾಗ್ ಪ್ರೊಫೈಲ್ ಇದು. ಗಂಡಿನ ಬಿಳಿ ರೇಷ್ಮೆ ಪಂಚೆ ಎಲ್ಲಿ ಸುಟ್ಟುಹೋಗುತ್ತದೋ ಎಂಬ ಭಯಕ್ಕೆ ಎಕ್ಸ್‌ಪೋಶರ್ ಇಳಿಸುತ್ತಲೇ ಹೋದೆ. ಮನೆಗೆ ಬಂದು ಗ್ರೇಡ್ ಮಾಡಲು, ಅಂದರೆ ಬಣ್ಣ-ಬೆಳಕು ತಿದ್ದಲು ಕೂತರೆ, ಪಂಚೆಯ ನೆರಿಗೆ ನೆರಿಗೆಯೂ ಇದೆ, ಚಪ್ಪರದ ನೆರಳಲ್ಲಿ ಕೂತ ಹೆಂಗಸರ ಮುಖದ ಮೇಲೆ ಮಾತ್ರ ರಾಗಿ ಹಿಟ್ಟು ಚೆಲ್ಲಿದಂತೆ ನಾಯ್ಸ್. ತಪ್ಪು ಕ್ಯಾಮೆರಾದ್ದಲ್ಲ, ನನ್ನದು. ಎಸ್-ಲಾಗ್3ಯಲ್ಲಿ ಗ್ರೇ ಕಾರ್ಡ್ (ಬೆಳಕು ಅಳೆಯಲು ಬಳಸುವ ಬೂದು ರಟ್ಟು) ವಿಡಿಯೊ ಬೆಳಕಿನ ಅಳತೆಯಲ್ಲಿ ಕೂರಬೇಕಾದ ಜಾಗ 41 ಪರ್ಸೆಂಟ್, ಬಿಳಿ ಕಾಗದದ್ದು 61. ನಾನು ಪಂಚೆಯನ್ನು 45ಕ್ಕೆ ಕೂರಿಸಿದ್ದೆ.

ಸರಿ, ಇದನ್ನು ಕೂತು ಅಳೆದೇಬಿಡೋಣ ಅನ್ನಿಸಿತು. ಲ್ಯಾಬಿನವರ ಬಳಿ ಒಂದೊಂದೇ ಸ್ಟಾಪ್ ಇಳಿಯುವ ಬೆಳಕಿನ ಪಟ್ಟಿಗಳಿರುವ ಚಾರ್ಟ್ ಇರುತ್ತದೆ. ನನ್ನ ಬಳಿ ಇದ್ದದ್ದು ಒಂದು ಗ್ರೇ ಕಾರ್ಡ್, ಒಂದು ಎಲ್‌ಇಡಿ ಲೈಟ್, ಹೆಂಡತಿ ಊರಿಗೆ ಹೋಗಿದ್ದ ಒಂದು ಭಾನುವಾರ. ಮೊದಲು ಕಾರ್ಡನ್ನು ಅದರ ಜಾಗಕ್ಕೆ ಕೂರಿಸುವುದು. ಆಮೇಲೆ ಶಟರನ್ನು ಸ್ಟಾಪ್ ಲೆಕ್ಕದಲ್ಲಿ ಬದಲಿಸುತ್ತ ಮೇಲೆ ಎಲ್ಲಿ ಬರೀ ಬಿಳಿಯಾಗಿ ಒಡೆಯುತ್ತದೆ, ಕೆಳಗೆ ಎಲ್ಲಿ ಮುಳುಗುತ್ತದೆ ಎಂದು ಎಣಿಸುವುದು. ಶಟರ್ ಸಾಲದಾದಾಗ ಅಪರ್ಚರ್. ಪಿಪಿ8ರಲ್ಲಿ (ಪಿಪಿ ಎಂದರೆ ಪಿಕ್ಚರ್ ಪ್ರೊಫೈಲ್), ಅಂದರೆ ಎಸ್-ಲಾಗ್3, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ರಲ್ಲಿ, ಕಾರ್ಡಿನಿಂದ ಮೇಲಕ್ಕೆ ಸುಮಾರು 6 ಸ್ಟಾಪ್ ಸಿಕ್ಕಿತು. ಹೆಚ್ಚು ತಿದ್ದದೆಯೂ ಬಳಸಬಹುದಾದ, ಸಿನಿಮಾ ಬಣ್ಣದ ಪಿಪಿ11ರ ಎಸ್-ಸಿನೆಟೋನ್‌ನಲ್ಲಿ 4ರ ಆಸುಪಾಸು. ಪ್ರೊಫೈಲ್ ಆಫ್ ಮಾಡಿದರೆ 3. ಕೆಳಗಿನ ಲೆಕ್ಕ ಅಷ್ಟು ನೇರವಲ್ಲ. ಕತ್ತಲಲ್ಲಿ ಏನೋ ಇದೆ ಎಂದು ಗೊತ್ತಾಗುವುದು ಒಂದು, ಅದನ್ನು ದುಡ್ಡು ಕೊಟ್ಟ ಮನೆಯವರಿಗೆ ತೋರಿಸಬಹುದಾದದ್ದು ಇನ್ನೊಂದು. ತೋರಿಸಬಹುದಾದದ್ದನ್ನೇ ಎಣಿಸಿದರೆ ಎಸ್-ಲಾಗ್3ಯಲ್ಲಿ ಒಟ್ಟು 12 ಎಂದು ನನ್ನ ಲೆಕ್ಕ. ನಿಮ್ಮ ಕಣ್ಣು ನನ್ನದಕ್ಕಿಂತ ಉದಾರವಾಗಿದ್ದರೆ 13.

ಕೋಣೆಯೊಳಗಿನ ಲೆಕ್ಕ ನಂಬಿಕೊಂಡು ಕೂರಲಾಗಲಿಲ್ಲ. ನಮ್ಮೂರ ಹತ್ತಿರದ ಆಲೆಮನೆಗೆ ಹೋದೆ. ಡೈನಾಮಿಕ್ ರೇಂಜಿಗೆ ಅದಕ್ಕಿಂತ ಕಠಿಣ ಪರೀಕ್ಷೆ ನಮ್ಮ ಸೀಮೆಯಲ್ಲಿಲ್ಲ. ಒಳಗೆ ಮಸಿ ಹಿಡಿದ ಮಾಡು, ಕುದಿಯುವ ಕೊಪ್ಪರಿಗೆ, ಹಬೆ. ಒಲೆಬಾಯಲ್ಲಿ ಕಬ್ಬಿನ ಸಿಪ್ಪೆಯ ಉರಿ. ತೆರೆದ ಬಾಗಿಲಾಚೆ ನಡುಹಗಲ ಬಿಸಿಲಲ್ಲಿ ಕಬ್ಬಿನ ಗದ್ದೆ. ಟ್ರೈಪಾಡ್ ಮೇಲೆ ಅಪರ್ಚರ್ ಎಫ್/11, ಸೆಕೆಂಡಿಗೆ 25 ಫ್ರೇಮು, ಶಟರ್ 1/50. ಇದನ್ನು ಕದಲಿಸದೆ ಒಮ್ಮೆ ಪ್ರೊಫೈಲ್ ಆಫ್ ಮಾಡಿ ಐಎಸ್‌ಒ 100ರಲ್ಲಿ, ಇನ್ನೊಮ್ಮೆ ಎಸ್-ಲಾಗ್3 ಹಾಕಿ 800ರಲ್ಲಿ ತೆಗೆದೆ. ಕ್ಯಾಮೆರಾದ ಪರದೆ ನೋಡಿದ ಪಾಕದ ಹಿರಿಯರು, "ಇದೇನಣ್ಣ, ಮಂಜು ಮುಸುಕ್ದಂಗದಲ್ಲ?" ಅಂದರು. ಲಾಗ್ ಫುಟೇಜಿನ ಬಗ್ಗೆ ಇದಕ್ಕಿಂತ ಸರಿಯಾದ ವಿವರಣೆ ನಾನು ಕೇಳಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಬೆರಗಾದೆ. ಬಾಗಿಲಾಚೆಯ ಬಿಸಿಲು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಒಡೆದಿತ್ತು! ಪ್ರೊಫೈಲ್ ಬದಲಿಸಿದರೆ ಸೆನ್ಸರ್ ಹೆಚ್ಚು ಬೆಳಕು ಹಿಡಿಯುತ್ತದೆ ಎಂದು ಅಲ್ಲಿಯತನಕ ನಂಬಿದ್ದೆ. ಅಪರ್ಚರ್, ಶಟರ್ ಎರಡೂ ಅವೇ ಆದಾಗ ಸೆನ್ಸರಿಗೆ ಬೀಳುವ ಬೆಳಕೂ ಅಷ್ಟೇ. ಲಾಗ್‌ನ 800 ಎಂಬುದು ಹೆಸರಿಗೆ 800. ಒಳಗೆ ಸೆನ್ಸರ್ 100ರಲ್ಲಿ ಇದ್ದಂತೆಯೇ ಇರುತ್ತದೆ, ಮೀಟರಿನ ಲೆಕ್ಕ ಮಾತ್ರ 3 ಸ್ಟಾಪ್ ಸರಿದಿರುತ್ತದೆ. ವ್ಯತ್ಯಾಸ ಇದ್ದದ್ದು ಒಳಗಿನ ಕತ್ತಲಲ್ಲಿ. ಆಫ್ ಮಾಡಿದ ಕ್ಲಿಪ್ಪಿನಲ್ಲಿ ಕೊಪ್ಪರಿಗೆಯೂ ಇಲ್ಲ, ಹಿರಿಯರೂ ಇಲ್ಲ, ಬರೀ ಕಪ್ಪು. ಎಸ್-ಲಾಗ್3ಯಲ್ಲಿ ಅವರ ಬೆವರಿದ ತೋಳು, ಹಬೆ, ಮಾಡಿನ ಗಳ ಎಲ್ಲ ಇದ್ದವು. ಪಾಕ ಅದೇ, ಅಚ್ಚು ಬೇರೆ. ಹೊಯ್ದದ್ದರಲ್ಲಿ ಎಷ್ಟು ಉಳಿಸಿಕೊಳ್ಳಬೇಕು, ಎಷ್ಟು ಚೆಲ್ಲಬೇಕು ಎಂದು ತೀರ್ಮಾನಿಸುವುದು ಪ್ರೊಫೈಲ್.

ಈ ಕ್ಯಾಮೆರಾ 10 ಬಿಟ್ 4:2:2 (ಬಣ್ಣದ ಮಾಹಿತಿ ಹೆಚ್ಚು ಉಳಿಸುವ ಕ್ರಮ) ಬರೆಯುವುದರಿಂದ ಆ ಕತ್ತಲನ್ನು ಮೇಲೆತ್ತಿದರೂ ಚಿತ್ರ ಹರಿಯುವುದಿಲ್ಲ. ಒಂದೊಂದು ಬಣ್ಣಕ್ಕೆ 1024 ಮೆಟ್ಟಿಲು. ನನ್ನ ಹಳೆಯ 8 ಬಿಟ್ ಕ್ಯಾಮೆರಾದಲ್ಲಿ 256 ಮೆಟ್ಟಿಲಲ್ಲೇ ಲಾಗ್ ತುರುಕಿ, ಸಂಜೆಯ ಆಕಾಶದಲ್ಲಿ ಗೆರೆಗೆರೆ ಕಂಡು ಕೈ ಸುಟ್ಟುಕೊಂಡಿದ್ದೆ. ಆದರೆ 4:2:2 ಫೈಲ್ ಎಂದರೆ ನನ್ನ ಮುದಿ ಕಂಪ್ಯೂಟರಿಗೆ ಏದುಸಿರು. ಪ್ರಾಕ್ಸಿ, ಅಂದರೆ ಹಗುರವಾದ ನಕಲು ಫೈಲ್, ಮಾಡಿಕೊಳ್ಳದೆ ಎಡಿಟ್ ಸಾಗದು.

ಲಾಗ್ ಸೋತದ್ದು ಮೈಸೂರು ಅರಮನೆಯ ಮುಂದೆ. ಭಾನುವಾರ ಸಂಜೆ 7ಕ್ಕೆ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹೊತ್ತಿಕೊಳ್ಳುತ್ತವಲ್ಲ, ಜಯಮಾರ್ತಾಂಡ ದ್ವಾರದ ಕಡೆಯಿಂದ ಡಿಸೆಂಬರಿನಲ್ಲಿ ತೆಗೆದೆ. ಎಸ್-ಲಾಗ್3 ಒಂದೊಂದು ಬಲ್ಬಿನ ಹಳದಿಯನ್ನೂ ಕಾಪಾಡಿತು, ನಿಜ. ಹಿಂದಿನ ಕರಿ ಆಕಾಶದಲ್ಲಿ ಮಾತ್ರ ಇರುವೆ ಹರಿದಾಡಿದಂತೆ ನಾಯ್ಸ್. ಎಸ್-ಸಿನೆಟೋನ್‌ನಲ್ಲಿ ಬಲ್ಬಿನ ನಡುಭಾಗ ಬೆಳ್ಳಗಾಯಿತು, ಆಕಾಶ ಕಾಡಿಗೆಯಂತೆ ಶುಭ್ರ. ದೀಪ ಕಣ್ಣು ಕುಕ್ಕಲೆಂದೇ ಹಚ್ಚಿದ್ದು. ಅದು ಬೆಳ್ಳಗಾದರೆ ನೋಡುವವರಿಗೇನು ನಷ್ಟ? ಜೂನ್‌ನಲ್ಲಿ ಹೋದರೆ ಕತೆ ಬೇರೆ. 7 ಗಂಟೆಗೆ ಸೂರ್ಯ ಆಗತಾನೆ ಮುಳುಗಿರುತ್ತಾನೆ, ಗುಮ್ಮಟಗಳ ಹಿಂದೆ ನೀಲಿ ಉಳಿದಿರುತ್ತದೆ. ಆಗ ಎಸ್-ಲಾಗ್3ಗೇ ನನ್ನ ಓಟು.

ಎಚ್‌ಡಿಆರ್ ಪರದೆಗಳಿಗೆಂದೇ (ಬೆಳಕಿನ ಹೆಚ್ಚು ಹರವು ತೋರಬಲ್ಲವು) ಇರುವ ಪಿಪಿ10ರ ಎಚ್‌ಎಲ್‌ಜಿ ಬಳಸಿದ್ದು ನಾಲ್ಕೋ ಐದೋ ಸಲ. ಗಿರಾಕಿಗಳು ವಿಡಿಯೊ ನೋಡುವುದು ಸಾಮಾನ್ಯ ಫೋನಿನಲ್ಲಿ, ವಾಟ್ಸಾಪಿನಲ್ಲಿ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಲಾಗ್‌ಗೆ ಒಂದು ತೆರಿಗೆಯೂ ಇದೆ. ಬಿಸಿಲಲ್ಲಿ 800, 1/50, ಎಫ್/2.8 ಬೇಕೆಂದರೆ, ಒಂದೂವರೆ ಸ್ಟಾಪ್ ಬೇಕೆಂದೇ ಏರಿಸಿಕೊಂಡ ಮೇಲೂ 7 ಸ್ಟಾಪಿನಷ್ಟು ಎನ್‌ಡಿ, ಅಂದರೆ ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಗಾಜು, ಬೇಕು. ಶಟರನ್ನು 1/50, ಹೆಚ್ಚೆಂದರೆ 1/100 ದಾಟಿಸುವ ಹಾಗಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಛತ್ರದ ಟ್ಯೂಬ್‌ಲೈಟ್ ಮಿಣಮಿಣ ಅನ್ನುತ್ತದೆ. ಕಮ್ಮಿ ಬೆಲೆಗೆ ಸಿಕ್ಕಿತೆಂದು ತಂದ ವೇರಿಯಬಲ್ ಎನ್‌ಡಿ, ಬೀಗರೂಟದ ವೈಡ್ ಶಾಟಿನಲ್ಲಿ ಫ್ರೇಮಿನ ಉದ್ದಗಲಕ್ಕೂ ಕರಿ ಇಂಟು ಗುರುತು ಹಾಕಿತು. ಹೆಣ್ಣಿನ ಸೋದರಮಾವ ಫೋನ್ ಮಾಡಿ, "ಏನಪ್ಪ, ನಮ್ಮ ಬೀಗರಿಗೆ ಇಂಟು ಹಾಕ್ಬಿಟ್ಟಿದೀಯ" ಎಂದು ನಕ್ಕಿದ್ದರಿಂದ ಬಚಾವಾದೆ.

ಈಗ ಮೋಡ್ ಡಯಲಿನ 1ರಲ್ಲಿ ಎಸ್-ಸಿನೆಟೋನ್: ಛತ್ರದೊಳಗಿನ ಮದುವೆ, ರಿಸೆಪ್ಶನ್, ರಾತ್ರಿಯ ಉತ್ಸವ. 2ರಲ್ಲಿ ಎಸ್-ಲಾಗ್3, ಜೀಬ್ರಾ (ಅತಿ ಬೆಳಕಿನ ಜಾಗಕ್ಕೆ ಗೆರೆ ಹಾಕಿ ಎಚ್ಚರಿಸುವುದು) 94ಕ್ಕೆ: ಚಪ್ಪರ, ಗದ್ದೆ, ದೇವಸ್ಥಾನದ ಬಾಗಿಲು. 3 ಖಾಲಿ ಇತ್ತು. ಮಗಳು ಶಾಲೆಯ ಡ್ಯಾನ್ಸಿಗೆಂದು ಪ್ರೊಫೈಲ್ ಆಫ್ ಮಾಡಿಸಿಕೊಂಡು ತನ್ನದಾಗಿಸಿಕೊಂಡಿದ್ದಾಳೆ.