ಮೂಲಂಗಿ ಕಡುಬು ಅಂತ ನಂಬಿ ಕೆಟ್ಟೆವು: ಹಾಂಗ್‌ಕಾಂಗ್‌ಗೆ ಹೋಗುವ ಸಸ್ಯಾಹಾರಿಗಳ ಗಮನಕ್ಕೆ

ಹಾಂಗ್‌ಕಾಂಗ್‌ಗೆ ಹೋಗುವ ಸಸ್ಯಾಹಾರಿಗಳು, ಅದರಲ್ಲೂ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು, ಇದನ್ನು ಒಮ್ಮೆ ಓದಿ. ಡಿಮ್ ಸಮ್ ಹೋಟೆಲಿನ ಮೆನುವಿನಲ್ಲಿ ಮೂಲಂಗಿ, ಕೆಸು, ಸೊಪ್ಪು ಅಂತ ಇದ್ದರೆ ಅದು ಸಸ್ಯಾಹಾರ ಅಂದುಕೊಳ್ಳಬೇಡಿ. ನಾನು ಅಂದುಕೊಂಡೆ. ಪಕ್ಕದಲ್ಲಿ ಅತ್ತೆ ಕೂತಿದ್ದರು.

ಯಜಮಾನರಿಗೆ ಅಲ್ಲಿ ನಾಲ್ಕು ದಿನ ಆಫೀಸಿನ ಕೆಲಸ ಇತ್ತು. ಜೊತೆಗೆ ನಾನೂ ಅತ್ತೆಯೂ ಹೊರಟೆವು. ಅತ್ತೆಗೆ 68. ಸಾಗರದ ಕಡೆಯವರು. ಮೊಟ್ಟೆ ಹಾಕಿದ ಕೇಕ್ ಅಂತ ಗೊತ್ತಾದರೆ ತಟ್ಟೆಯನ್ನೇ ದೂರ ಸರಿಸುವವರು. ಅವಲಕ್ಕಿ, ಚಟ್ನಿಪುಡಿ, ಹಪ್ಪಳ ಎಲ್ಲ ಕಟ್ಟಿಕೊಂಡೇ ಹೋಗಿದ್ದೆವು. ಮೊದಲೆರಡು ದಿನ ಚಿಮ್ ಸಾ ಚೊಯಿ ಕಡೆಯ ಇಂಡಿಯನ್ ಹೋಟೆಲುಗಳಲ್ಲಿ ಹೇಗೋ ಕಳೆಯಿತು. ಮೂರನೇ ದಿನ ಭಾನುವಾರ. ಅತ್ತೆಯೇ, "ಇಷ್ಟು ದೂರ ಬಂದು ಇಲ್ಲೂ ದೋಸೆನೇ ತಿನ್ನೋದಾ? ಈ ಊರಿನವರು ಏನು ತಿಂತಾರೆ, ಅದನ್ನೂ ನೋಡೋಣ ಬಾರೇ" ಅಂದರು. ನನಗೂ ಅದೇ ಬೇಕಿತ್ತು.

ಡಿಮ್ ಸಮ್ ಅಂದರೆ ಸಣ್ಣ ಸಣ್ಣ ತಿಂಡಿಗಳು. ಅದನ್ನು ತಿನ್ನಲು ಹೋಗುವುದಕ್ಕೆ ಅಲ್ಲಿಯವರು ‘ಯಮ್ ಚಾ’ ಅನ್ನುತ್ತಾರೆ. ಟೀ ಕುಡಿಯುವುದು ಅಂತ ಅರ್ಥ. ನಾವು "ಕಾಫಿಗೆ ಬನ್ನಿ" ಅಂತ ಕರೆದು ಉಪ್ಪಿಟ್ಟು, ಕೇಸರಿಬಾತ್ ಬಡಿಸುತ್ತೇವಲ್ಲ, ಹಾಗೆ. ಭಾನುವಾರ ಬೆಳಿಗ್ಗೆ ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಎಲ್ಲ ಸೇರಿ ಬಂದು ಒಂದು ದುಂಡು ಮೇಜು ಹಿಡಿಯುತ್ತಾರೆ. ಅಂಥ ಹೊತ್ತಿಗೇ ನಾವು ಹೋದೆವು. ಹನ್ನೊಂದೂವರೆ. ಮೊದಲ ತಪ್ಪು ಅದೇ.

ಕೌಲೂನ್ ಕಡೆಯ ಒಂದು ಕಟ್ಟಡದ ಎರಡನೇ ಮಹಡಿ. ಹೋಟೆಲಿನ ಹೆಸರು ಬೇಡ, ಈ ಕಥೆ ಯಾವ ಹೋಟೆಲಲ್ಲಾದರೂ ಆಗಬಹುದಿತ್ತು. ನಮ್ಮ ಮದುವೆ ಛತ್ರದಷ್ಟು ದೊಡ್ಡ ಹಾಲ್. ಊಟದ ಪಂಕ್ತಿಯಲ್ಲಿ ಎರಡನೇ ಸಾಲಿಗೆ ಕಾಯುವವರ ಹಾಗೆ ಬಾಗಿಲಲ್ಲಿ ಜನ. ಟೋಕನ್ ಕೊಟ್ಟರು. ನಂಬರ್ ಕೂಗುವುದು ಕ್ಯಾಂಟನೀಸಿನಲ್ಲಿ. ನಮ್ಮ ನಂಬರ್ ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಹೋಗಿ ಚೀಟಿ ತೋರಿಸಿದೆ. ಒಬ್ಬಾಕೆ ಕೈ ಹಿಡಿದು ಎಳೆದುಕೊಂಡು ಹೋಗದಿದ್ದುದೊಂದೇ, ನೇರ ಒಂದು ಮೇಜಿಗೆ ಕರೆದೊಯ್ದು ಕೂರಿಸಿದಳು. ಅಲ್ಲಿ ಆಗಲೇ ಒಬ್ಬ ಅಜ್ಜ ಪೇಪರ್ ಓದುತ್ತಾ ಕೂತಿದ್ದರು. ಮೇಜು ಹಂಚಿಕೊಳ್ಳುವುದು ಅಲ್ಲಿ ಮಾಮೂಲಿ. ಅದರಿಂದ ನಮಗೆ ಒಳ್ಳೆಯದೇ ಆಯಿತು, ಮುಂದೆ ಹೇಳುತ್ತೇನೆ.

ಕೂತ ಕೂಡಲೇ "ಯಾವ ಟೀ?" ಅಂದಳು. ಆ ಗಲಾಟೆಯಲ್ಲಿ ನನಗೆ ಕೇಳಿಸಿದ್ದು ‘ಟೀ’ ಅನ್ನುವುದು ಮಾತ್ರ. ಮಲ್ಲಿಗೆ ಟೀ ಅಂದೆ. ಒಂದು ಕೆಟಲ್ ತುಂಬ ಟೀ, ಒಂದು ದೊಡ್ಡ ಬಟ್ಟಲು, ಒಂದು ಚಿಕ್ಕ ತಟ್ಟೆಯಲ್ಲಿ ಕಡಲೇಕಾಯಿ ಬಂದವು. ಅಜ್ಜ ತಮ್ಮ ಲೋಟ, ಚಾಪ್‌ಸ್ಟಿಕ್, ಚಮಚ ಎಲ್ಲವನ್ನೂ ಬಿಸಿ ಟೀಯಲ್ಲೇ ತೊಳೆದು, ಆ ನೀರನ್ನು ದೊಡ್ಡ ಬಟ್ಟಲಿಗೆ ಸುರಿದರು. ಅತ್ತೆಗೆ ಅದು ಎಷ್ಟು ಹಿಡಿಸಿತು ಅಂದರೆ, "ನೋಡು, ಎಷ್ಟು ಮಡಿ ಇವರದ್ದು!" ಅಂತ ತಾವೂ ಹಾಗೇ ತೊಳೆದರು. ಹತ್ತು ನಿಮಿಷದ ನಂತರ ಅದೇ ಮಡಿ ಕೈಕೊಟ್ಟಿತು.

ಆರ್ಡರ್ ಮಾಡಲು ಒಂದು ಉದ್ದನೆಯ ಕಾಗದ. ಬೇಕಾದ್ದರ ಮುಂದೆ ಗುರುತು ಹಾಕಿ ಕೊಡಬೇಕು. ಕೈಗಾಡಿಯಲ್ಲಿ ಬುಟ್ಟಿಗಳನ್ನು ತಳ್ಳಿಕೊಂಡು ಬರುವ ಪದ್ಧತಿ ಈಗ ಕೆಲವೇ ಕಡೆ ಉಳಿದಿದೆಯಂತೆ. ಗಾಡಿಯಾದರೆ ಮುಚ್ಚಳ ತೆಗೆದು ನೋಡಿಯಾದರೂ ತೆಗೆದುಕೊಳ್ಳಬಹುದಿತ್ತು. ಕಾಗದದಲ್ಲಿ ಏನು ನೋಡುವುದು? ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿದ್ದ ಹೆಸರುಗಳನ್ನು ಅತ್ತೆಗೆ ಓದಿ ಹೇಳಿದೆ. ಟರ್ನಿಪ್ ಕೇಕ್. ಟ್ಯಾರೋ ಡಂಪ್ಲಿಂಗ್, ಅಂದರೆ ಕೆಸುವಿನ ಗೆಡ್ಡೆಯದ್ದು. ಒಳಗೇನೂ ಇಲ್ಲದ ಅಕ್ಕಿಯ ರೋಲ್. ಬೇಯಿಸಿದ ಸೊಪ್ಪು. ಎಳ್ಳಿನ ಉಂಡೆ. ಅತ್ತೆಯ ಮುಖ ಅರಳಿತು. "ಎಲ್ಲ ನಮ್ಮನೇದೇ ಅಲ್ವೇನೇ? ಕೆಸು, ಮೂಲಂಗಿ, ಅಕ್ಕಿಹಿಟ್ಟು, ಎಳ್ಳು. ಅದೂ ಹಬೆಯಲ್ಲಿ ಬೇಯಿಸಿದ್ದು!"

ಅದೇ ನಮ್ಮನ್ನು ಕೆಡಿಸಿದ್ದು. ನೂಡಲ್ಸೋ, ಸೂಪೋ ಆಗಿದ್ದರೆ ನಾನು ಹತ್ತು ಸಲ ಕೇಳುತ್ತಿದ್ದೆ. ಬಿದಿರಿನ ಬುಟ್ಟಿ, ಅದರ ಮುಚ್ಚಳದ ಸಂದಿಯಿಂದ ಬರುವ ಹಬೆ, ಬಿಳೀ ಅಕ್ಕಿಹಿಟ್ಟು, ಇದನ್ನೆಲ್ಲ ನೋಡಿದರೆ ಗಣಪತಿ ಹಬ್ಬದ ಕಡುಬಿನ ನೆನಪಾಗುತ್ತದೆಯೇ ಹೊರತು ಅನುಮಾನ ಬರುವುದಿಲ್ಲ. ಆದರೂ ಸುಮ್ನೆ ಕೂರಲಿಲ್ಲ. ಕಾಗದ ತೆಗೆದುಕೊಳ್ಳಲು ಬಂದವಳಿಗೆ ಒಂದೊಂದನ್ನೇ ತೋರಿಸಿ "ನೋ ಮೀಟ್?" ಅಂದೆ. "ಯೆಸ್, ಯೆಸ್, ವೆಜಿಟೆಬಲ್" ಅಂದಳು, ಅರ್ಧ ಮಾತು ಮುಗಿಯುವ ಮೊದಲೇ ಪಕ್ಕದ ಮೇಜಿನಲ್ಲಿದ್ದಳು.

ಮೊದಲು ಬಂದಿದ್ದು ಮೂಲಂಗಿಯದ್ದೇ. ಇಂಗ್ಲಿಷಿನಲ್ಲಿ ಟರ್ನಿಪ್ ಅಂತ ಬರೆದರೂ ಅದು ನಮ್ಮ ಬಿಳಿ ಮೂಲಂಗಿ. ತುರಿದು, ಅಕ್ಕಿಹಿಟ್ಟಿನ ಜೊತೆ ಕಲಸಿ, ಹಬೆಯಲ್ಲಿ ಬೇಯಿಸಿ, ಆಮೇಲೆ ಬರ್ಫಿಯ ಹಾಗೆ ಕತ್ತರಿಸಿ ಕಾವಲಿಯ ಮೇಲೆ ಕೆಂಪಗೆ ಮಾಡುತ್ತಾರೆ. ಮೂರು ತುಂಡು. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಅತ್ತೆ ಒಂದು ತುಂಡು ಪೂರ್ತಿ ತಿಂದರು. "ಚೆನ್ನಾಗಿದೆ ಕಣೇ" ಅಂದರು. ಎರಡನೆಯದನ್ನು ಚಮಚದಲ್ಲಿ ಮುರಿದವರು ಅಲ್ಲೇ ನಿಲ್ಲಿಸಿದರು. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕೆಂಪು ಚೂರುಗಳು. "ಇದೇನೇ, ಕ್ಯಾರೆಟ್ಟಾ?" ನಾನೂ ಬಗ್ಗಿ ನೋಡಿದೆ. ಕ್ಯಾರೆಟ್ ಅಷ್ಟು ಹೊಳೆಯುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಚೂರು, ತಿಳಿ ಗುಲಾಬಿ ಬಣ್ಣ, ಉಗುರಿನ ತುದಿಯ ಹಾಗೆ ಬಾಗಿತ್ತು.

ಪೇಪರ್ ಮಡಚಿಟ್ಟ ಅಜ್ಜ ನಮ್ಮನ್ನೇ ನೋಡುತ್ತಿದ್ದರು. ಒಳ್ಳೆಯ ಇಂಗ್ಲಿಷಿನಲ್ಲಿ "ನೀವು ಮಾಂಸ ತಿನ್ನುವುದಿಲ್ಲವೇ?" ಅಂತ ಕೇಳಿದರು. ಇಲ್ಲ ಅಂದೆ. ಅವರು ಚಾಪ್‌ಸ್ಟಿಕ್ ತುದಿಯಲ್ಲಿ ತೋರಿಸಿದರು. ಕೆಂಪಗಿರುವುದು ಹಂದಿಯ ಸಾಸೇಜ್. ಬಾಗಿರುವುದು ಒಣ ಸೀಗಡಿ.

ಅತ್ತೆ ಏನೂ ಅನ್ನಲಿಲ್ಲ. ಚಮಚ ಕೆಳಗಿಟ್ಟರು. ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದು ಕೂತು, "ಊರಿಗೆ ಹೋದ ಮೇಲೆ ನೋಡಿಕೊಳ್ಳೋಣ ಬಿಡು, ನೀನು ಬೇಜಾರು ಮಾಡ್ಕೋಬೇಡ" ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅಷ್ಟರಲ್ಲಿ ಉಳಿದ ಬುಟ್ಟಿಗಳೂ ಬಂದವು. ಅಜ್ಜ ಒಂದೊಂದನ್ನೇ ನೋಡಿ ಹೇಳಿದರು. ಕೆಸುವಿನದ್ದು, ಹೊರಗೆ ಜೇನುಗೂಡಿನ ಹಾಗೆ ಕರಿದಿದ್ದು, ಒಳಗೆ ಹಂದಿ ಮಾಂಸ. ಸೊಪ್ಪಿನ ಮೇಲೆ ಸುರಿದ ಕಂದು ಬಣ್ಣದ್ದು ಆಯ್ಸ್ಟರ್ ಸಾಸ್, ಅಂದರೆ ಸಮುದ್ರದ ಚಿಪ್ಪಿನ ಪ್ರಾಣಿಯ ರಸ. ಉಳಿದಿದ್ದು ಎರಡು. ಅಕ್ಕಿಯ ರೋಲ್, ನಮ್ಮ ನೀರುದೋಸೆಯನ್ನು ಸುರುಳಿ ಸುತ್ತಿದ ಹಾಗೆ ಇರುತ್ತದೆ. ಮತ್ತೆ ಎಳ್ಳಿನ ಉಂಡೆ, ಒಳಗೆ ಸಿಹಿ ಹೂರಣ. ನಾನು ಅವುಗಳಲ್ಲಿ ಒಂದೊಂದು ತಿಂದೆ. ಅತ್ತೆ ಬರೀ ಟೀ ಕುಡಿದರು.

ಸರ್ವ್ ಮಾಡಿದವಳನ್ನು ಕರೆದು ಕೇಳಿದೆ. ಅವಳಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. ಎರಡು ಬೆರಳ ಸಂದಿಯಲ್ಲಿ ಚೂರು ಜಾಗ ಬಿಟ್ಟು ತೋರಿಸಿ, "ಲಿಟ್ಲ್, ಲಿಟ್ಲ್. ಫಾರ್ ಟೇಸ್ಟ್" ಅಂದಳು. ಅವಳು ಸುಳ್ಳು ಹೇಳಿದಳು ಅಂತ ಆಗ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಅಜ್ಜ ವಿವರಿಸಿದರು: ಅವರ ಭಾಷೆಯಲ್ಲಿ ಸುಮ್ಮನೆ ‘ಮಾಂಸ’ ಅಂದರೆ ಹೆಚ್ಚಾಗಿ ಹಂದಿ ಮಾಂಸದ ತುಂಡು. ಒಣ ಸೀಗಡಿ, ಆಯ್ಸ್ಟರ್ ಸಾಸ್ ಎಲ್ಲ ನಾವು ಒಗ್ಗರಣೆಗೆ ಇಂಗು ಹಾಕಿದ ಹಾಗೆ, ರುಚಿಗೆ. ಇಂಗಿನ ಹೋಲಿಕೆ ನನ್ನದು, ಅಜ್ಜನದ್ದಲ್ಲ. ಮೂಲಂಗಿ ಜಾಸ್ತಿ ಇದ್ದರೆ ಅದು ಮೂಲಂಗಿ ತಿಂಡಿ. ನಮ್ಮಲ್ಲಿ ಹಸಿರು ಚುಕ್ಕಿ ನೋಡಿ ಕಣ್ಣು ಮುಚ್ಚಿ ತಿಂದು ಅಭ್ಯಾಸ. ಬೆಂಗಳೂರಿನಲ್ಲಿ ‘ವೆಜ್ ಡಿಮ್ ಸಮ್’ ಅಂತ ಬೇರೆ ಪುಟವೇ ಇರುತ್ತದೆ. ಅಲ್ಲಿ ಅದನ್ನು ಹುಡುಕಬೇಡಿ. ಹಾಗಂತ ಸಾಸೇಜ್ ಇರುವುದನ್ನು ತರಕಾರಿ ಅಂದಿದ್ದು ಸರಿ ಅಂತಲೂ ನಾನು ಹೇಳುವುದಿಲ್ಲ. ಗೊತ್ತಿಲ್ಲ ಅಂದಿದ್ದರೆ ಸಾಕಿತ್ತು.

ಬಿಲ್ ವಿಷಯವನ್ನೂ ಹೇಳಿಬಿಡುತ್ತೇನೆ. ಟೀಗೆ ಕೆಟಲ್ ಲೆಕ್ಕವಲ್ಲ, ತಲೆ ಲೆಕ್ಕ. ಒಬ್ಬರಿಗೆ 18 ಡಾಲರ್. ಕೇಳದೆ ತಂದಿಟ್ಟ ಕಡಲೇಕಾಯಿಗೆ 22. ಎಲ್ಲದರ ಮೇಲೆ ಶೇಕಡಾ 10 ಸರ್ವಿಸ್ ಚಾರ್ಜ್. ಒಟ್ಟು 290 ಹಾಂಗ್‌ಕಾಂಗ್ ಡಾಲರ್, ಒಂದಕ್ಕೆ 11 ರೂಪಾಯಿ ಅಂತ ಹಿಡಿದರೂ ಮೂರು ಸಾವಿರ ದಾಟಿತು. ಇದು ಮೋಸವಲ್ಲ, ಅಲ್ಲಿ ಬಹಳ ಕಡೆ ಪದ್ಧತಿಯೇ ಹೀಗೆ. ಕಡಲೇಕಾಯಿ ಬೇಡವೆಂದರೆ ಮುಟ್ಟುವ ಮೊದಲೇ ವಾಪಸ್ ಕಳಿಸಿ. ದುಡ್ಡು ಉಳಿಸಬೇಕೆಂದರೆ ವಾರದ ದಿನ ಮಧ್ಯಾಹ್ನ ಎರಡರ ನಂತರ ಹೋಗಿ, ಎಷ್ಟೋ ಕಡೆ ಆಗ ದರ ಕಡಿಮೆ. ದರಕ್ಕಿಂತ ಮುಖ್ಯ, ಆಗ ನಿಮ್ಮ ಮಾತು ಕೇಳಲು ಯಾರಿಗಾದರೂ ಪುರುಸೊತ್ತು ಇರುತ್ತದೆ.

ಇನ್ನು ಕೆಲವು ತಿಂಡಿಗಳು, ನಾವು ತಿನ್ನದೆ ಬಚಾವಾದವು. ಸೋಯಾ ಹಾಳೆಯ ರೋಲ್ ಅಂತ ಇರುತ್ತದೆ, ಒಳಗೆ ಸಾಮಾನ್ಯವಾಗಿ ಹಂದಿ ಅಥವಾ ಸೀಗಡಿ. ಗಂಜಿ ನೋಡಲು ನಮ್ಮ ಜ್ವರದ ಗಂಜಿಯೇ, ಆದರೆ ಮೂಳೆಯ ರಸದಲ್ಲಿ ಬೇಯಿಸಿರಬಹುದು. ಎಗ್ ಟಾರ್ಟಿನ ಹೊರಪದರಕ್ಕೆ ಹಂದಿ ಕೊಬ್ಬು ಹಾಕುವವರಿದ್ದಾರೆ. ಎಕ್ಸ್‌ಓ ಸಾಸ್ ಅನ್ನುವುದು ಕೆಂಪು ಎಣ್ಣೆ ತೇಲುತ್ತಾ ಥೇಟ್ ಉಪ್ಪಿನಕಾಯಿ ರಸದ ಹಾಗೆ ಕಾಣುತ್ತದೆ. ಅದರಲ್ಲಿ ಒಣ ಸೀಗಡಿಯೂ ಇದೆ, ಒಣಗಿಸಿದ ಚಿಪ್ಪಿನ ಮಾಂಸವೂ ಇದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸೀಗಡಿ ಅಲರ್ಜಿ ಇದ್ದರೆ ಇದು ಮಡಿಯ ಮಾತಲ್ಲ, ಪ್ರಾಣದ ಮಾತು. ಅಂಥವರು ದಯವಿಟ್ಟು ಈ ಗಲಾಟೆಯ ಹೋಟೆಲುಗಳ ಕಡೆ ಹೋಗಲೇಬೇಡಿ. ಎಲ್ಲ ಬುಟ್ಟಿಗಳೂ ಒಂದರ ಮೇಲೊಂದು ಒಂದೇ ಹಬೆಯಲ್ಲಿ ಬೇಯುತ್ತವೆ.

ಹೊರಡುವ ಮುಂಚೆ ಅಜ್ಜ ಆರ್ಡರ್ ಕಾಗದದ ಹಿಂದೆ ಒಂದೇ ಒಂದು ಅಕ್ಷರ ಬರೆದುಕೊಟ್ಟರು. ಬಹಳ ಗೆರೆಗಳ ಅಕ್ಷರ, ಪುಟ್ಟ ಗೋಪುರದ ಹಾಗಿದೆ. ಅದರ ಉಚ್ಚಾರ ‘ಜಾಯ್’. ಬೌದ್ಧರ ವ್ರತದ ಊಟ. ಕಟ್ಟುನಿಟ್ಟಾಗಿ ಮಾಡುವಲ್ಲಿ ಮಾಂಸ, ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮಲ್ಲಿ ಏಕಾದಶಿ ಮಾಡುವ ಹಾಗೆ, ಅಲ್ಲಿ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಹೀಗೆ ಊಟ ಮಾಡುವವರು ಬಹಳ ಜನ. ‘ನೋ ಮೀಟ್’ ಅನ್ನುವುದರ ಬದಲು "ಙೋ ಸಿಕ್ ಜಾಯ್" ಅನ್ನಿ ಅಂದರು, ನಾನು ಜಾಯ್ ತಿನ್ನುವವಳು ಅಂತ. ವರ್ಣಮಾಲೆಯಲ್ಲಿ ಇಷ್ಟು ವರ್ಷ ಸುಮ್ನೆ ಕೂತಿದ್ದ ನಮ್ಮ ಙ ಕೊನೆಗೂ ಕೆಲಸಕ್ಕೆ ಬಂತು. ಅತ್ತೆ ನನಗಿಂತ ಚೆನ್ನಾಗಿ ಹೇಳಿದರು. ಅಜ್ಜ ಮೆಚ್ಚಿ ಅತ್ತೆಯ ಲೋಟಕ್ಕೆ ಟೀ ಸುರಿದರು.

ಮಾರನೇ ದಿನ ಡೈಮಂಡ್ ಹಿಲ್ ಸ್ಟೇಷನ್ ಹತ್ತಿರದ ನಾನ್ ಲಿಯಾನ್ ತೋಟಕ್ಕೆ ಹೋದೆವು. ಪಕ್ಕದಲ್ಲೇ ಚಿ ಲಿನ್ ಅನ್ನುವ ಬೌದ್ಧ ಸನ್ಯಾಸಿನಿಯರ ಮಠ. ತೋಟದೊಳಗೆ ನೀರಿನ ಪರದೆಯ ಹಿಂದೆ ಅವರ ಸಸ್ಯಾಹಾರಿ ಹೋಟೆಲ್ ಇದೆ. ಅಲ್ಲಿ ನನ್ನ ಎದೆ ಡವಡವ ಅನ್ನಲಿಲ್ಲ. ಅತ್ತೆ ಅಣಬೆ, ಸೋಯಾ, ಸೊಪ್ಪು ಎಲ್ಲ ಹೊಟ್ಟೆ ತುಂಬ ತಿಂದರು. ಲಾಂಟಾವ್ ದ್ವೀಪದಲ್ಲಿ ದೊಡ್ಡ ಬುದ್ಧನನ್ನು ನೋಡಲು ಹೋಗುವವರಿಗೆ ಪೋ ಲಿನ್ ಮಠದಲ್ಲೂ ಸಸ್ಯಾಹಾರದ ಊಟ ಸಿಗುತ್ತದೆ. 268 ಮೆಟ್ಟಿಲು ಹತ್ತಿ ಇಳಿದ ಮೇಲೆ ಹಸಿವು ಚೆನ್ನಾಗೇ ಆಗುತ್ತದೆ. ಒಂದು ತಮಾಷೆ ಗೊತ್ತಿರಲಿ. ಜಾಯ್ ಹೋಟೆಲುಗಳ ಮೆನುವಿನಲ್ಲಿ ‘ಹಂದಿ’, ‘ಬಾತುಕೋಳಿ’ ಅಂತೆಲ್ಲ ಕಂಡರೆ ಎದ್ದು ಓಡಬೇಡಿ, ಅದು ಸೋಯಾದಲ್ಲೋ ಗೋಧಿಯಲ್ಲೋ ಮಾಡಿದ್ದು. ಮೂಲಂಗಿ ಅಂತ ಬರೆದಲ್ಲಿ ಹಂದಿ, ಹಂದಿ ಅಂತ ಬರೆದಲ್ಲಿ ಗೋಧಿ!

ಅಜ್ಜ ಬರೆದುಕೊಟ್ಟ ಚೀಟಿ ಅತ್ತೆಯ ಪರ್ಸಿನಲ್ಲಿ, ಕುಂಕುಮದ ಪೊಟ್ಟಣದ ಜೊತೆ ಇದೆ. ಮೊನ್ನೆ ಅದರ ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಆ ಕಡೆ ಹೋಗುವವರಿದ್ದರೆ ಹೇಳಿ, ಕಳಿಸುತ್ತೇನೆ.